ಸಾಲ ಹುಡುಕಿದರೆ ಮಸಾಲೆ

ಮನೆಖರ್ಚನ್ನು ಎಕ್ಸೆಲ್‌ನಲ್ಲಿ ಬರೆದಿಡುವವರನ್ನು ಕಂಡರೆ ನನಗೆ ಒಳಗೊಳಗೇ ಕನಿಕರ. ನನ್ನದು ಅಪ್ಪಟ ಟೆಕ್ಸ್ಟ್ ಫೈಲು. ಬಣ್ಣವಿಲ್ಲ, ಬಾರ್ಡರಿಲ್ಲ, ತಿಂಗಳಿಗೊಂದು ಫೈಲು, ವರ್ಷಕ್ಕೊಂದು ಫೋಲ್ಡರು. ಹುಡುಕಲು ಗ್ರೆಪ್ ಇದೆಯಲ್ಲ! ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಟೈಪಿಸಿ ಎಂಟರ್ ಒತ್ತಿದರೆ, ಕೇಳಿದ ಅಕ್ಷರಗಳಿರುವ ಸಾಲುಗಳೆಲ್ಲ ಎದ್ದು ಬಂದು ಕೈಕಟ್ಟಿ ನಿಲ್ಲುತ್ತವೆ. ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಬರುವವರು ಈಚೆಗೆ ಕಡಿಮೆಯಾಗಿದ್ದಾರೆ.

ಒಂದು ಭಾನುವಾರ ನನ್ನಾಕೆ ಕೇಳಿದಳು: "ನಿಮ್ಮ ತಮ್ಮ ಕಾರು ತಗೊಂಡನಂತೆ. ನಮ್ಮ ಹತ್ರ ತಗೊಂಡ ಸಾಲ ಎಷ್ಟು, ಯಾವಾಗಿನದು?"

"ರಾತ್ರಿ ಯೋಚಿಸಿ ಬೆಳಗ್ಗೆ ಹೇಳ್ತೀನಿ" ಎಂದೆ. ಇದಕ್ಕೆ ಪರಂಪರೆಯ ಬೆಂಬಲವಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ ಮೆಕಿಲ್ರಾಯ್, ಎಡಿಟರ್ ತೆರೆಯದೆಯೇ ಫೈಲುಗಳೊಳಗೆ ಹುಡುಕುವ ಸಲಕರಣೆ ಬೇಕೆಂದಾಗ ಕೆನ್ ಥಾಂಪ್ಸನ್ ಹೇಳಿದ್ದೂ ಇದನ್ನೇ. ಬೆಳಗಾಗುವಷ್ಟರಲ್ಲಿ ಗ್ರೆಪ್ ತಯಾರು. 1973ರ ಯುನಿಕ್ಸ್ ನಾಲ್ಕನೇ ಆವೃತ್ತಿಯಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಅಸಲಿಗೆ ಥಾಂಪ್ಸನ್ ಅದನ್ನು ತಮ್ಮ ಬಳಕೆಗೆಂದು ಮೊದಲೇ ಬರೆದಿಟ್ಟುಕೊಂಡಿದ್ದರು, ರಾತ್ರಿ ಒಂದಿಷ್ಟು ಹೊಳಪು ಕೊಟ್ಟರು ಅಷ್ಟೆ. ನನ್ನ ಬಳಿ ಹೊಳಪು ಕೊಡಲು ಏನೂ ಇರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

ಟೈಪಿಸಿದೆ. ಕರ್ಸರ್ ಮಿಣಮಿಣ ಎಂದಿತು. "ಆಳವಾಗಿ ಹುಡುಕ್ತಾ ಇದೆ" ಎಂದು ವಿವರಿಸಿದೆ. ಕಾಫಿ ಮುಗಿಯಿತು. ಫೈಲಿನ ಹೆಸರು ಕೊಡದಿದ್ದರೆ ಗ್ರೆಪ್ ಯಾವ ಫೈಲನ್ನೂ ತೆರೆಯುವುದಿಲ್ಲ. ಕೀಲಿಮಣೆಯಿಂದ ನಾವೇ ಏನಾದರೂ ಬಡಿಸುತ್ತೇವೆಂದು ಕಾಯುತ್ತ ಕೂರುತ್ತದೆ. ಅದಕ್ಕಾಗಿ ನಾನು, ನನಗಾಗಿ ಅದು.

ಫೈಲುಗಳನ್ನೂ ಸೇರಿಸಿ 'ತಮ್ಮ' ಎಂದು ಹುಡುಕಿದೆ. "ತಮ್ಮ ಖಾತೆಯಿಂದ", "ತಮ್ಮ ಬಾಕಿ ಮೊತ್ತ" ಎಂದು ನಾನೇ ನಕಲಿಸಿಟ್ಟಿದ್ದ ಸಂದೇಶಗಳೆಲ್ಲ ಸುರಿದವು. ಬ್ಯಾಂಕಿನವರು ಇಷ್ಟು ಮರ್ಯಾದಸ್ಥರೆಂದು ಗೊತ್ತಿರಲಿಲ್ಲ.

ಆಮೇಲೆ 'ಸಾಲ'.

ಪರದೆ ತುಂಬ ಮಸಾಲೆ ದೋಸೆ.

ಯುನಿಕೋಡ್‌ನಲ್ಲಿ 'ಲೆ' ಒಂದೇ ಅಕ್ಷರವಲ್ಲ. ಮೊದಲು 'ಲ', ಅದರ ಬೆನ್ನಿಗೆ ಎತ್ವ. ಹಾಗಾಗಿ 'ಮಸಾಲೆ'ಯ ಹೊಟ್ಟೆಯಲ್ಲಿ 'ಸಾಲ' ಅಖಂಡವಾಗಿ ಕೂತಿರುತ್ತದೆ. ಗ್ರೆಪ್‌ಗೆ ಬೇಕಾದದ್ದು ಅಷ್ಟೇ. ಅದು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಸಿಕ್ಕ ಭಾಗಕ್ಕೆ ಕೆಂಪು ಬಣ್ಣ ಬೇರೆ ಬಳಿದಿತ್ತು. ಪ್ರತಿ ಸಾಲಿನಲ್ಲೂ ಎತ್ವವೊಂದು ಒಡೆದು ಹೊರಗೆ ಜೋತುಬಿದ್ದಿತ್ತು. ಈ ಪಾಠವನ್ನು ಸವಿಸ್ತಾರವಾಗಿಯೇ ಮಾಡಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ತಾರೀಖು ಓದುತ್ತಿದ್ದಳು.

ಗಡಿಬಿಡಿಯಲ್ಲಿ 'ಸಾಲ'ದ ಹಿಂದೊಂದು ಖಾಲಿ ಜಾಗ ಸೇರಿಸಿದೆ. ದೋಸೆ ಮಾಯ. "ಚಿಲ್ಲರೆ ಸಾಲದೆ ಆಟೋದವನಿಗೆ ಹತ್ತು ರೂಪಾಯಿ ಹೆಚ್ಚು" ಬಂತು, ಅವಳ ಅಣ್ಣನಿಗೆ ಕೊಟ್ಟ ಸಾಲ ಬಂತು. ನನ್ನ ತಮ್ಮನದು ಬರಲೇ ಇಲ್ಲ.

"ಕೈಗಡ ಅಂತ ಹಾಕಿ."

ಹಾಕಿದೆ. "ಪುಟ್ಟನಿಗೆ ಕೈಗಡ" ಎಂದು ಮೊತ್ತದ ಸಮೇತ ಪ್ರತ್ಯಕ್ಷವಾಯಿತು.

"ನನ್ನಣ್ಣನಿಗೆ ಕೊಟ್ರೆ ಸಾಲ, ನಿಮ್ಮ ತಮ್ಮನಿಗೆ ಕೊಟ್ರೆ ಕೈಗಡ. ಗೊತ್ತಿಲ್ವಾ ನಂಗೆ?" ಎಂದವಳು, "ಇನ್ನು ಆ ಮಸಾಲೆ ವಿಷಯ" ಎಂದಳು.

ಕರಿದದ್ದು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟೆನೆಂದು ಡಾಕ್ಟರ ಎದುರೇ ಅವಳಿಗೆ ಮಾತು ಕೊಟ್ಟ ವರ್ಷದ ಫೋಲ್ಡರು ಅದು. ಲೆಕ್ಕದಲ್ಲಿ ಸುಳ್ಳು ಬರೆಯಬಾರದೆಂಬ ನಿಷ್ಠೆ ನನಗಿದೆ. ಬಾಯಲ್ಲಿ ಹೇಳುವುದು ಆ ವ್ಯಾಪ್ತಿಗೆ ಬರುವುದಿಲ್ಲ.

ನನ್ನ ಉಪನ್ಯಾಸಗಳು ವ್ಯರ್ಥವಾಗಿರಲಿಲ್ಲವೆಂದು ಆಗ ತಿಳಿಯಿತು. ಕೀಲಿಮಣೆ ತನ್ನತ್ತ ಎಳೆದುಕೊಂಡು, ಗ್ರೆಪ್, ಹೈಫನ್ ಸಿ, ದೋಸೆ ಎಂದು ಒತ್ತಿಯೇಬಿಟ್ಟಳು. ಹಲವು ಫೈಲು ಕೊಟ್ಟರೆ ಹೈಫನ್ ಸಿ ಒಂದೊಂದರ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಅಂದರೆ ತಿಂಗಳುವಾರು. ಮೇ ತಿಂಗಳ ಅಂಕಿ ಎದ್ದು ಕಾಣುತ್ತಿತ್ತು. ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವ ತಿಂಗಳದು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ತಾಂತ್ರಿಕ ಅಪಚಾರವನ್ನು ಸಹಿಸುವ ಜಾಯಮಾನ ನನ್ನದಲ್ಲ.

"ನೋಡು, ಹೈಫನ್ ಸಿ ಎಣಿಸೋದು ಸಾಲುಗಳನ್ನ, ದೋಸೆಗಳನ್ನಲ್ಲ. ಒಂದೇ ಸಾಲಲ್ಲಿ ಎರಡು ದೋಸೆ ಇದ್ರೂ ಅದು ಒಂದೇ ಅಂತ ತಗೊಳ್ಳುತ್ತೆ."

ಅವಳು ನಿಧಾನವಾಗಿ ನನ್ನತ್ತ ತಿರುಗಿದಳು. "ಹಾಗಾದ್ರೆ ಒಂದೊಂದು ದೋಸೇನೂ ಬಿಡಿಬಿಡಿಯಾಗಿ ತೋರಿಸೋದಕ್ಕೆ?"

"ಹೈಫನ್ ಓ" ಎಂದೆ.