ಮೇಷ್ಟ್ರು ಈಗ ಥಾಟ್ ಲೀಡರ್

ಊರಿನವರಿಗೆ ಅವರು ‘ದೊಡ್ಡ ಮೇಷ್ಟ್ರು’. ಇಲಾಖೆಗೆ ಪ್ರಭಾರ ಮುಖ್ಯ ಶಿಕ್ಷಕರು. ಲಿಂಕ್ಡ್‌ಇನ್‌ಗೆ ಮಾತ್ರ ‘ಎಜುಕೇಷನಿಸ್ಟ್, ಇನ್ನೊವೇಟರ್, ಚೇಂಜ್ ಮೇಕರ್, ಥಾಟ್ ಲೀಡರ್’. ಅರಳಗುಪ್ಪೆಯ ಚೆನ್ನಕೇಶವನ ಗುಡಿ ಎದ್ದ ಕಾಲದಲ್ಲಿ ಇಷ್ಟು ಬಿರುದು ಹಾಕಿಸಿಕೊಳ್ಳಬೇಕಾದರೆ ಒಂದು ಯುದ್ಧವನ್ನಾದರೂ ಗೆಲ್ಲಬೇಕಿತ್ತು. ಈಗ ಪಾಸ್‌ವರ್ಡ್ ನೆನಪಿದ್ದರೆ ಸಾಕು.

ಇವರೊಬ್ಬರೇ ಅಂತಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕನ್ನು ಹಿಡಿದು ಕುಲುಕಿದರೆ ಇಂಥವರು ನಾಲ್ಕಾರು ಮಂದಿ ಉದುರುತ್ತಾರೆ. ಓದುವ ಮೇಷ್ಟರುಗಳು ಇದು ನಾನೇ ಎಂದು ನೊಂದುಕೊಳ್ಳಬೇಕಾಗಿಲ್ಲ. ಪಕ್ಕದ ಶಾಲೆಯವನು ಎಂದುಕೊಂಡರೆ ಎಲ್ಲರಿಗೂ ನೆಮ್ಮದಿ.

ಇದೇ ಸೀಮೆಯ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದವರೊಬ್ಬರು ಬಾಳಿನ ಬಹುಪಾಲು ಮೇಷ್ಟರಾಗಿಯೇ ಕಳೆದರು. ಅವರ ಪ್ರೊಫೈಲ್ ಮೂರೇ ಅಕ್ಷರದ್ದು, ತೀನಂಶ್ರೀ. ಊರು, ಅಪ್ಪ, ತಾನು, ಅಲ್ಲಿಗೆ ಮುಗಿಯಿತು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ಮುಗಿಸಿದ ದಿನ ಅವರು “ಈ ಮೈಲಿಗಲ್ಲನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ರೋಮಾಂಚನವಾಗುತ್ತಿದೆ, ನನ್ನ ಈ ಪಯಣದಲ್ಲಿ ಕಲಿತ ಏಳು ಪಾಠಗಳು ಇಂತಿವೆ” ಎಂದು ಎಲ್ಲೂ ಸಾರಿದಂತಿಲ್ಲ. ನಮ್ಮ ಮೇಷ್ಟ್ರು ಮೊನ್ನೆ ಎರಡು ಗಂಟೆಯ ವೆಬಿನಾರ್‌ನಲ್ಲಿ ಮೈಕ್ ಆರಿಸಿ, ಕ್ಯಾಮೆರಾ ಆರಿಸಿ, ಕೊನೆಗೆ ಕಣ್ಣನ್ನೂ ಮುಚ್ಚಿ ಕೂತಿದ್ದರು. ಸರ್ಟಿಫಿಕೇಟು ಬಂದ ಕೂಡಲೇ ಈ ರೋಮಾಂಚನ ಆಗಿಯೇಬಿಟ್ಟಿತು.

ಜಾಲ ಕಟ್ಟಿಕೊಳ್ಳುವುದೇ ತಪ್ಪು ಎನ್ನುವ ಗೊಣಗಾಟ ನನ್ನದಲ್ಲ. 2011ರ ಸುಮಾರಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಸರ್ಕಾರಿ ಪ್ರೌಢಶಾಲೆಯವರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಶುರು ಮಾಡಿತು. ಗಣಿತದವರು ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು ಕಳಿಸಿದರು, ಸಮಾಜ ವಿಜ್ಞಾನದವರು ಪ್ರಶ್ನೆಪತ್ರಿಕೆ ಹಂಚಿಕೊಂಡರು. ಒಂದು ಲೆಕ್ಕ ಬಿಡಿಸಲಾಗದೆ ಒದ್ದಾಡುತ್ತಿದ್ದ ಹಳ್ಳಿಯ ಮೇಷ್ಟ್ರಿಗೆ ಇನ್ಯಾವುದೋ ಜಿಲ್ಲೆಯ ಮೇಡಂ ದಾರಿ ತೋರಿಸಿದರು. ಅಲ್ಲಿ ಯಾರೂ ಥಾಟ್ ಲೀಡರ್ ಆಗಿರಲಿಲ್ಲ. ಗೊತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಕೇಳುವ ಧೈರ್ಯ ಇತ್ತು. ಲಿಂಕ್ಡ್‌ಇನ್‌ನಲ್ಲಿ ಒಬ್ಬ ಮೇಷ್ಟ್ರಾದರೂ “ಭಿನ್ನರಾಶಿ ಭಾಗಾಕಾರ ನನಗೇ ತಲೆಗೆ ಹತ್ತುತ್ತಿಲ್ಲ, ಯಾರಾದರೂ ಹೇಳಿಕೊಡಿ” ಎಂದು ಬರೆದದ್ದನ್ನು ನಾನಿನ್ನೂ ಕಂಡಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಹಾಗಾಗಿ ಯಾರಿಗೂ ಯಾರಿಂದಲೂ ಏನೂ ಆಗಬೇಕಾಗಿಲ್ಲ, ಲೈಕ್ ಒಂದನ್ನು ಬಿಟ್ಟು.

ಕೊಬ್ಬರಿ ಕೂಡ ಆನ್‌ಲೈನ್‌ಗೆ ಹೋಗಿದೆ ಎಂದು ಮೇಷ್ಟ್ರ ವಾದ. ನಿಜ. ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಗೆ ಇ-ಟೆಂಡರ್‌ನಲ್ಲೇ ಬೆಲೆ ಬೀಳುತ್ತದೆ. ಆದರೆ ವರ್ತಕ ಕಂಪ್ಯೂಟರ್‌ನಲ್ಲಿ ಅಂಕಿ ಒತ್ತುವ ಮುಂಚೆ ಮಂಡಿಗೆ ಬರುತ್ತಾನೆ, ಚೀಲದ ಬಾಯಿ ಬಿಚ್ಚಿಸುತ್ತಾನೆ, ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ಮೇಲೆತ್ತಿ ನೋಡುತ್ತಾನೆ. ಮೇಲೆ ಬೆಳ್ಳನೆಯ ಉಂಡೆ ಜೋಡಿಸಿ ಅಡಿಯಲ್ಲಿ ಕೌಟು ತುಂಬಿದ ಬುದ್ಧಿವಂತನ ಕಥೆ ಅಲ್ಲೇ ಮುಗಿಯುತ್ತದೆ. ಲಿಂಕ್ಡ್‌ಇನ್ ಮಂಡಿಯಲ್ಲಿ ಆ ಕಷ್ಟವಿಲ್ಲ. ಪುಣೆಯಲ್ಲಿ ಕೂತ ಯಾರೋ ಸೇಲ್ಸ್ ಮ್ಯಾನೇಜರ್ ನಮ್ಮ ಮೇಷ್ಟ್ರ ‘ನಾಯಕತ್ವ ಕೌಶಲ’ಕ್ಕೆ ಅನುಮೋದನೆ ಒತ್ತುತ್ತಾನೆ. ಮೇಷ್ಟ್ರು ಋಣ ಇಟ್ಟುಕೊಳ್ಳುವವರಲ್ಲ, ಅವನ ‘ಸಪ್ಲೈ ಚೈನ್’ ಪಾಂಡಿತ್ಯಕ್ಕೆ ತಿರುಗಿ ಒತ್ತುತ್ತಾರೆ. ಇಬ್ಬರ ಚೀಲಗಳೂ ಹೊಲಿದ ಹಾಗೇ ಇವೆ. ಮೇಷ್ಟ್ರ ನಾಯಕತ್ವದ ವಿಷಯವನ್ನು ಶಾಲೆಯ ಬಿಸಿಯೂಟದ ಅಮ್ಮನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು. ಅವಳ ಹತ್ತಿರ ಖಾತೆ ಇಲ್ಲ.

2024ರ ಶುರುವಿನಲ್ಲಿ ಕೊಬ್ಬರಿ ಬೆಲೆ ನೆಲ ಕಚ್ಚಿತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಅದರ ಮೇಲೆ ರಾಜ್ಯದ 1,500. ನಫೆಡ್ ಖರೀದಿಗೆ ಹೆಸರು ಬರೆಸಲು ಜನ ರಾತ್ರಿಯೇ ಹೋಗಿ ಸಾಲು ಹಿಡಿದರು. ಮೇಷ್ಟ್ರ ಅಪ್ಪನೂ ಟವೆಲ್ ಸುತ್ತಿಕೊಂಡು ಆ ಸಾಲಿನಲ್ಲಿದ್ದರು. ಮೇಷ್ಟ್ರು ಹೋಗಿ ಸಾಲಿನ ಫೋಟೋ ತೆಗೆದು ‘ರೆಸಿಲಿಯನ್ಸ್: ರೈತರಿಂದ ನಾಯಕರು ಕಲಿಯಬೇಕಾದದ್ದು’ ಎಂದು ಬರೆದರು. ಒಳ್ಳೆಯ ಇಂಗ್ಲಿಷು. ಗುರುಗ್ರಾಮದ ಒಬ್ಬರು ಕಣ್ಣೀರಿನ ಮುಖ ಹಾಕಿದರು. ಅಪ್ಪನಿಗೆ ಒಂದು ಲೋಟ ಟೀ ತಂದುಕೊಟ್ಟಿದ್ದು ಮಾತ್ರ ಪಕ್ಕದ ತೋಟದವರ ಹುಡುಗ.

ಇಷ್ಟಾದ ಮೇಲೆ ಮೇಷ್ಟ್ರಿಗೆ ಸುಸ್ತಾಗದೆ ಇರುತ್ತದೆಯೇ? ‘ಡಿಜಿಟಲ್ ಡಿಟಾಕ್ಸ್’ ಎಂಬ ಮದ್ದು ಇದೆಯೆಂದು ಲಿಂಕ್ಡ್‌ಇನ್ನೇ ಹೇಳಿತು. ಒಂದು ಭಾನುವಾರ ಮೊಬೈಲನ್ನು ಕಾಯಿ ಅಟ್ಟದ ಮೇಲಿಟ್ಟು ತೋಟಕ್ಕೆ ನಡೆದರು. ಅರ್ಧ ಗಂಟೆಗೊಮ್ಮೆ ಬಂದು ಏಣಿ ಹತ್ತಿ ಇಳಿಯುವುದನ್ನು ನೋಡಿ ನೋಡಿ ಅಪ್ಪ ಅಂದರು: “ಅಟ್ಟಕ್ಕೆ ಹಾಕಿದ್ ಮ್ಯಾಲೆ ಹತ್ತನ್ನೆಲ್ಡ್ ತಿಂಗ್ಳು ಮುಟ್ಬಾರ್ದು ಕಣ್ಲಾ. ದಿನಾ ಇಳ್ಸಿ ಅಲ್ಲಾಡಿಸ್ತಿದ್ರೆ ಯಾವ್ ಕಾಯೂ ಕೊಬ್ರಿ ಆಗಾಕಿಲ್ಲ.”

ಸಂಜೆಗೆ ‘ಫೋನಿಲ್ಲದ ಒಂದು ದಿನ ನನಗೆ ಕಲಿಸಿದ್ದು’ ಲಿಂಕ್ಡ್‌ಇನ್‌ನಲ್ಲಿ ಬಂತು. ಜೊತೆಗೆ ಮರಕ್ಕೆ ಒರಗಿ ಆಕಾಶ ನೋಡುತ್ತಿರುವ ಫೋಟೋ. ಫೋನಿಲ್ಲದ ದಿನದ ಫೋಟೋ ಯಾವುದರಲ್ಲಿ ತೆಗೆದದ್ದು ಎಂದು ಕೇಳುವ ಕೆಟ್ಟ ಬುದ್ಧಿ ಆ ಮಹಾಸಭೆಯಲ್ಲಿ ಯಾರಿಗೂ ಬರಲಿಲ್ಲ. ಅವರು ಒರಗಿದ್ದ ಮರಕ್ಕೆ ಕಾಂಡದಲ್ಲಿ ರಸ ಸೋರುತ್ತಿತ್ತು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ದೂರವೇನಿಲ್ಲ, ಒಂದು ಮಾತು ಕೇಳಬಹುದಿತ್ತು. ಆಕಾಶ ನೋಡುವವರಿಗೆ ಕಾಂಡ ಕಾಣಿಸುವುದಿಲ್ಲ ಬಿಡಿ.

ಅಸಲಿಗೆ ಈ ಸೀಮೆಯಲ್ಲಿ ಫೋನಿಲ್ಲದ ತೋಟ ಎಲ್ಲಿದೆ? ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಹಾಸಿಗೆಯಲ್ಲೇ ಮಲಗಿ ಮೊಬೈಲ್‌ನಿಂದ ಮೋಟರ್ ಶುರು ಮಾಡುವ ಸ್ಟಾರ್ಟರ್ ಬಂದಿದೆ. ಕೊಳವೆಬಾವಿಗೂ ಒಂದು ಸಿಮ್ಮು. ಮೇಷ್ಟ್ರ ಒಟ್ಟು ಸಂಪರ್ಕಗಳಲ್ಲಿ ಕರೆ ಮಾಡಿದ ತಕ್ಷಣ ಕೆಲಸ ಮಾಡುವುದು ಅದೊಂದೇ.

ಇಲ್ಲಿ ಮೇಷ್ಟ್ರ ಪರವಾಗಿಯೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರು ಮೊಬೈಲಿಗೆ ಅಂಟಿಕೊಂಡದ್ದು ಚಪಲದಿಂದಲ್ಲ, ಇಲಾಖೆಯ ಆಜ್ಞೆಯಿಂದ. ಸ್ಯಾಟ್ಸ್‌ನಲ್ಲಿ ಮಗು ತುಂಬು, ದೀಕ್ಷಾದಲ್ಲಿ ಕೋರ್ಸ್ ಮುಗಿಸು, ನಿಷ್ಠಾದಲ್ಲಿ ನಿಷ್ಠೆ ತೋರಿಸು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಗಿಡ ನೆಟ್ಟ ಫೋಟೋ, ಕೈ ತೊಳೆದ ಫೋಟೋ. ‘ಅತಿ ಜರೂರು’ ಎಂಬ ಸಂದೇಶ ಮೂರು ಮುಕ್ಕಾಲಿಗೆ ಬರುತ್ತದೆ, ಮಾಹಿತಿ ನಾಲ್ಕರೊಳಗೆ ಹೋಗಬೇಕು. ತಿಪಟೂರಿನ ಆಗಿನ ಶಾಸಕರೇ 2021ರಿಂದ 2023ರವರೆಗೆ ಶಿಕ್ಷಣ ಸಚಿವರಾಗಿದ್ದರಲ್ಲ, ಆಗಲೂ ಮೂರು ಮುಕ್ಕಾಲಿಗೇ ಬರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಅರವತ್ತು ಪ್ರಶ್ನೆಗಳ ಆ್ಯಪ್ ಹಿಡಿದು ಮನೆ ಮನೆ ತಿರುಗಿದವರೂ ಮೇಷ್ಟರುಗಳೇ. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳು ರಜೆಯಲ್ಲಿ, ಮೇಷ್ಟ್ರು ಸಿಗ್ನಲ್ ಹುಡುಕಿಕೊಂಡು ಕೆರೆ ಏರಿಯ ಮೇಲೆ. ಪಾಠ ಮಾಡಿದ್ದಕ್ಕೆ ಅಪ್‌ಲೋಡ್ ಮಾಡುವ ಜಾಗ ಯಾವ ಆ್ಯಪ್‌ನಲ್ಲೂ ಇಲ್ಲವಾದ್ದರಿಂದ ಮನುಷ್ಯ ಲಿಂಕ್ಡ್‌ಇನ್‌ಗೆ ಹೋಗಿ ತಾನೇ ತನ್ನ ಬೆನ್ನು ತಟ್ಟಿಕೊಂಡರೆ ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ.

ಮನಸ್ಸು ಬರುವುದು ಐದನೇ ತರಗತಿಯ ಬಾಗಿಲಿಗೆ ಹೋದಾಗ. ಅಲ್ಲಿ ಪಾಠ ಮಾಡುತ್ತಿರುವವರು ಅತಿಥಿ ಶಿಕ್ಷಕಿ. ಪಕ್ಕದೂರಿನ ಸೊಸೆ. ಬೆಳಗ್ಗೆ ಹಟ್ಟಿಯ ಕೆಲಸ ಮುಗಿಸಿ, ಡೇರಿಗೆ ಹಾಲು ಹಾಕಿ, ಒಂಬತ್ತೂವರೆಯ ಬಸ್ಸಿಗೆ ಬರುತ್ತಾರೆ. ತಿಂಗಳಿಗೆ ಹತ್ತು ಸಾವಿರವಿದ್ದ ಗೌರವಧನಕ್ಕೆ 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಸೇರಿತು. ಸೇರಿದ್ದು ಬಜೆಟ್ಟಿಗೆ, ಕೈಗೆ ಬರುವುದು ಬಂದಾಗ. ಮಕ್ಕಳಿಗೆ ಕಾಯಿ ಒಡೆದು ಅರ್ಧ, ಕಾಲು ತೋರಿಸಿ, ಕೊನೆಗೆ ಚೂರು ಹಂಚಿ ತಿನ್ನಿಸಿ ಭಿನ್ನರಾಶಿ ಕಲಿಸಿದ್ದು ಇವರು. ಅದು ‘ನಮ್ಮ ಶಾಲೆಯ ಹೊಸ ಪ್ರಯೋಗ: ಲೋಕಲ್ ಟು ಗ್ಲೋಬಲ್’ ಎಂದು ಲಿಂಕ್ಡ್‌ಇನ್‌ಗೆ ಹೋಯಿತು. ಫೋಟೋದಲ್ಲಿ ಕಾಯಿ ಇದೆ, ಮಕ್ಕಳಿದ್ದಾರೆ, ನಡುವೆ ಮೇಷ್ಟ್ರಿದ್ದಾರೆ. ಮೇಡಂ ಇಲ್ಲ, ಏಕೆಂದರೆ ಫೋಟೋ ತೆಗೆದವರು ಅವರು.

ಮೊನ್ನೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆಕೆ ಕಚೇರಿಯ ಬಾಗಿಲಲ್ಲಿ ನಿಂತರು. “ಸಾರ್, ಮೂರು ತಿಂಗಳಿಂದ ದುಡ್ಡು ಬಂದಿಲ್ಲ. ನನ್ನ ಹಾಜರಾತಿ ಬಿಇಒ ಆಫೀಸಿಗೆ ಇನ್ನೂ ಹೋಗಿಲ್ವಂತೆ. ಈಗ್ಲೇ ಒಂಚೂರು ಕಳಿಸಿಬಿಡ್ತೀರಾ?”

ಫಿನ್‌ಲೆಂಡಿನ ಯಾರದೋ ಪೋಸ್ಟಿಗೆ ಅಭಿನಂದನೆ ಒತ್ತುತ್ತಿದ್ದ ಮೇಷ್ಟ್ರು ತಲೆ ಎತ್ತದೆಯೇ ಅಂದರು: “ಕಳ್ಸೋಣ ಮೇಡಂ, ಸೋಮವಾರ ನೋಡೋಣ. ಇವತ್ತು ಬೆಳಗ್ಗೆಯಿಂದ ನೆಟ್‌ವರ್ಕೇ ಇಲ್ಲ.”