ಕಡಲಿಲ್ಲದ ಊರಿನ ಬಂದರು

ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ಸಮುದ್ರದ ಮೀನು ಸಾಕುತ್ತೇನೆಂದು ಯಾರಾದರೂ ಹೊರಟರೆ ಊರು ಎರಡು ತಕರಾರು ತೆಗೆಯುತ್ತದೆ. ಮೊದಲನೆಯದು, ಇಲ್ಲಿ ಸಮುದ್ರ ಇಲ್ಲ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಅರಬ್ಬೀ ಸಮುದ್ರ 250 ಕಿಲೋಮೀಟರಿಗೆ ಕಡಿಮೆ ಇಲ್ಲ. ಎರಡನೆಯದು, ಉಪ್ಪುನೀರೆಂದರೆ ಈ ಸೀಮೆಗೆ ಆಗಿಬರುವುದಿಲ್ಲ. ತುಂಗಭದ್ರೆಯ ಕಾಲುವೆ ಬಂದಮೇಲೆ ಭತ್ತದ ಗದ್ದೆಗಳ ಜೊತೆಗೆ ಸವಳು ನೆಲವೂ ಬಂತು. ರೈತ ಬಸಿಗಾಲುವೆ ತೋಡಿ ಉಪ್ಪನ್ನು ಹೊಲದಿಂದ ಆಚೆ ಅಟ್ಟಲು ಹೆಣಗುತ್ತಿರುವಾಗ, ಅದೇ ಊರಿನ ಇನ್ನೊಬ್ಬ ದುಡ್ಡು ಕೊಟ್ಟು ಉಪ್ಪು ತರಿಸಿ, ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ ನೀರಿಗೆ ಲೀಟರಿಗೆ 35 ಗ್ರಾಂನಂತೆ ಕಲಸುತ್ತಾನೆಂದರೆ ಜನ ಬುದ್ಧಿ ಹೇಳದೆ ಬಿಡುವುದಿಲ್ಲ. ಈ ಎರಡೂ ತಕರಾರುಗಳನ್ನು ನಾನು ಮನ್ನಿಸಬಲ್ಲೆ. ಹುಚ್ಚಿಗೆ ದೂರ, ಖರ್ಚು ಎಂಬ ಲೆಕ್ಕಗಳಿಲ್ಲ. ನನ್ನ ತಕರಾರು ಬೇರೆ. ಇಂಥವರು ಮೊದಲು ನಾಲ್ಕಡಿಯ ದೊಡ್ಡ ಟ್ಯಾಂಕು ತರುತ್ತಾರೆ, ನೀಲಿ ದೀಪ ಹಾಕುತ್ತಾರೆ, ಕಲ್ಲು ಜೋಡಿಸುತ್ತಾರೆ, ಮೀನು ಬಿಡುತ್ತಾರೆ; ಕ್ವಾರಂಟೈನ್ ಟ್ಯಾಂಕಿನ ನೆನಪಾಗುವುದು ಮೊದಲ ಮೀನು ಮಗುಚಿಕೊಂಡ ಮೇಲೆ. ಕ್ರಮ ತಲೆಕೆಳಗಾಗಿದೆ. ಮೊದಲು ಬರಬೇಕಾದ್ದು ಆ ಚಿಕ್ಕ ಟ್ಯಾಂಕು. ದೊಡ್ಡದು ಆಮೇಲೆ ಬಂದರಾಯಿತು, ಬಾರದಿದ್ದರೆ ಕರೆಂಟು ಬಿಲ್ಲಾದರೂ ಉಳಿಯಿತು.

ಕ್ವಾರಂಟೈನ್ ಟ್ಯಾಂಕಿನಷ್ಟು ಕಳಾಹೀನ ವಸ್ತು ಮನೆಯಲ್ಲಿ ಇನ್ನೊಂದಿರಲಾರದು. ನಲವತ್ತು ಐವತ್ತು ಲೀಟರಿನ ಬೋಳು ಗಾಜಿನ ಪೆಟ್ಟಿಗೆ. ಮರಳಿಲ್ಲ, ಕಲ್ಲಿಲ್ಲ, ಹವಳವಂತೂ ಇಲ್ಲವೇ ಇಲ್ಲ. ಮೂಲೆಯಲ್ಲಿ ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರು, ಒಂದು ಉಷ್ಣಮಾಪಕ, ಮೀನು ಅಡಗಿಕೊಳ್ಳಲೆಂದು ಪೈಪಿನ ಅಂಗಡಿಯಿಂದ ತಂದ ಪಿವಿಸಿ ಮೊಣಕೈಗಳು ಎರಡು ಮೂರು. ಮೀನು ನೋಡಲೆಂದು ಬಂದ ನೆಂಟರು ಪೈಪು ನೋಡಿ, ಬೋರ್‌ವೆಲ್ ರಿಪೇರಿ ನಡೆದಿದೆಯೇ ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಟ್ಯಾಂಕು ಸರಿಯಾಗಿದೆ ಎಂದೇ ಅರ್ಥ. ಹೊಸ ಮೀನನ್ನು ಇಲ್ಲಿ ನಾಲ್ಕಾರು ವಾರ ಇಟ್ಟುಕೊಂಡು, ಉಣ್ಣುತ್ತದೆಯೇ, ಉಸಿರಾಟ ನೆಟ್ಟಗಿದೆಯೇ, ಮೈ ಉಜ್ಜಿಕೊಳ್ಳುತ್ತದೆಯೇ ಎಂದು ನೋಡಿ, ಬೇಕಾದರೆ ಔಷಧಿ ಕೊಟ್ಟು, ಆಮೇಲೆ ದೊಡ್ಡ ಟ್ಯಾಂಕಿಗೆ ದಾಟಿಸುವುದು. ಇದರ ಬಲೆ, ಬಕೆಟ್ಟು ಎಲ್ಲ ಬೇರೆ. ಇಲ್ಲಿ ಅದ್ದಿದ ಕೈ ತೊಳೆಯದೆ ಅಲ್ಲಿ ಅದ್ದುವಂತಿಲ್ಲ. ಮಡಿ ಎಂದರೆ ಮೂಗು ಮುರಿಯುವವರೂ ಈ ಮಡಿಯನ್ನು ಪಾಲಿಸಲೇಬೇಕು.

ಇಷ್ಟೆಲ್ಲ ಯಾಕೆ ಎನ್ನುವವರು ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಜೀವಿಯ ದಿನಚರಿಯನ್ನು ಸ್ವಲ್ಪ ಗಮನಿಸಬೇಕು. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ತರುವುದು ಇದೇ. ಮೀನಿನ ಚರ್ಮದೊಳಗೆ, ಕಿವಿರಿನೊಳಗೆ ಮೂರರಿಂದ ಏಳು ದಿನ ಉಂಡುಟ್ಟು ಇದ್ದು, ತಾನಾಗಿಯೇ ಉದುರಿ ತಳ ಸೇರುತ್ತದೆ. ಚುಕ್ಕೆ ಮಾಯವಾದದ್ದು ಕಂಡು ಮಾಲೀಕ ಸಿಹಿ ಹಂಚುವ ಹೊತ್ತಿಗೆ ಅದು ಕಲ್ಲಿಗೋ ಮರಳಿಗೋ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು, ಒಂದಿದ್ದದ್ದು ನೂರಾರಾಗಿ ಒಡೆಯುತ್ತಿರುತ್ತದೆ. ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ ಮರಿಗಳು ಹೊರಬರುತ್ತವೆ, ಅದೂ ಹೆಚ್ಚಾಗಿ ಕತ್ತಲ ಹೊತ್ತಿನಲ್ಲಿ; ಒಂದೆರಡು ದಿನದೊಳಗೆ ಮೀನು ಸಿಕ್ಕರೆ ಬದುಕು, ಇಲ್ಲದಿದ್ದರೆ ಸಾವು. ಸಮುದ್ರದಲ್ಲಿ ಇಲ್ಲದ ಕ್ವಾರಂಟೈನ್ ನಮ್ಮ ಮನೆಯಲ್ಲೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಸಮುದ್ರದಲ್ಲಿ ಆ ಮರಿಗೆ ಮೀನು ಸಿಗುವುದು ಲಾಟರಿ ಹೊಡೆದಂತೆ. ನಾಲ್ಕಡಿಯ ಟ್ಯಾಂಕಿನಲ್ಲಿ ಎತ್ತ ತಿರುಗಿದರೂ ಮೀನೇ. ವೆಲ್ವೆಟ್ ಎಂಬ ಇನ್ನೊಂದು ರೋಗ ಇಷ್ಟು ಸಾವಕಾಶವನ್ನೂ ಕೊಡುವುದಿಲ್ಲ: ಇವತ್ತು ಮೈಮೇಲೆ ಧೂಳು ಕೂತಂತೆ ಕಂಡರೆ ನಾಡಿದ್ದು ಟ್ಯಾಂಕೇ ಖಾಲಿ.

ಇನ್ನು ಮೀನು ಬಂದ ದಾರಿ. ಯಾವುದೋ ಹವಳದ ದಿಬ್ಬದಲ್ಲಿ ಹಿಡಿದ ಮೀನು ಮುಳುಗುಗಾರನಿಂದ ರಫ್ತುದಾರನಿಗೆ, ಅಲ್ಲಿಂದ ವಿಮಾನದಲ್ಲಿ ಚೆನ್ನೈಗೋ ಬೆಂಗಳೂರಿಗೋ ಬಂದು, ಅಂಗಡಿ ಸೇರಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ರಾತ್ರಿ ರೈಲು ಹತ್ತಿ ಬಳ್ಳಾರಿಯಲ್ಲಿ ಇಳಿಯಬೇಕು. ಅನೇಕ ಅಂಗಡಿಗಳಲ್ಲಿ ಹತ್ತಿಪ್ಪತ್ತು ಟ್ಯಾಂಕುಗಳಿಗೆ ನೀರು ಒಂದೇ. ಮೇಲೆ ಬೇರೆ ಬೇರೆ ಗಾಜು, ಕೆಳಗೆ ಒಂದೇ ಪಂಪು. ಅಲ್ಲಿ ಒಂದು ಮೀನಿಗೆ ಬಂದದ್ದು ಎಲ್ಲಕ್ಕೂ ಬಂತೆಂದೇ ಲೆಕ್ಕ. ಆದ್ದರಿಂದ ಊರು ಕಡಲಿಗೆ ದೂರವಾದಷ್ಟೂ ಕಾಯುವ ಟ್ಯಾಂಕು ಹೆಚ್ಚು ಅಗತ್ಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಹುಬ್ಬಳ್ಳಿ ಕಡೆಯ ರೈಲಿನಲ್ಲೇ. ಈಗ ಮೀನಿನ ರೋಗ ಅತ್ತಲಿಂದ ಇತ್ತ ರೈಲು ಹತ್ತುತ್ತದೆ. ಹಳೆಯ ಬಾಕಿ ಚುಕ್ತಾ ಆಯಿತೆನ್ನಬಹುದು.

ತಡೆದು ನಿಲ್ಲಿಸುವ ಉಪಾಯವೇನೂ ಹೊಸದಲ್ಲ. ಏಡ್ರಿಯಾಟಿಕ್ ದಂಡೆಯ ರಗೂಸಾ ನಗರ 1377ರಲ್ಲೇ ಪ್ಲೇಗಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೆ ಕಾಯಿಸಿತ್ತು. ನಮ್ಮಲ್ಲೂ 2020ರಲ್ಲಿ ಮುಂಗೈಗೆ ಮೊಹರು ಒತ್ತಿಸಿಕೊಂಡವರು ಇನ್ನೂ ಅದನ್ನು ಮರೆತಿಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಸರ್ಕಾರ ದನದ ಜಾತ್ರೆ, ಸಂತೆಗಳನ್ನೇ ನಿಲ್ಲಿಸಿತು. ಮೀನಿಗೆ ಹತ್ತಿರದ ಸಾಕ್ಷಿ ಬೇಕೆಂದರೆ ಸೀಗಡಿಯದು ಇದೆ. 1990ರ ದಶಕದ ನಡುವಿನಲ್ಲಿ ಬಿಳಿ ಚುಕ್ಕೆ ವೈರಸ್ಸು (ಹೆಸರು ಅದೇ, ಆದರೆ ಕುಲ ಬೇರೆ) ಆಂಧ್ರ, ತಮಿಳುನಾಡಿನ ಕರಾವಳಿಯ ಹುಲಿ ಸೀಗಡಿ ಕೊಳಗಳನ್ನು ಗುಡಿಸಿ ಹಾಕಿತು. ಆ ಪೆಟ್ಟು ತಿಂದಮೇಲೆ, 2009ರಲ್ಲಿ ವನ್ನಾಮೈ ಸೀಗಡಿಗೆ ದೇಶದ ಬಾಗಿಲು ತೆರೆದಾಗ, ತಾಯಿ ಸೀಗಡಿಗಳೆಲ್ಲ ಚೆನ್ನೈನ ನೀಲಾಂಗರೈನಲ್ಲಿರುವ ಜಲಚರ ಕ್ವಾರಂಟೈನ್ ಕೇಂದ್ರದಲ್ಲಿ ಇಳಿದು, ಪರೀಕ್ಷೆಯಾಗಿಯೇ ಮುಂದೆ ಹೋಗಬೇಕೆಂದು ಕಟ್ಟುಮಾಡಾಯಿತು. ಸೀಗಡಿಯಲ್ಲಿ ಡಾಲರು ಬರುತ್ತದೆ, ಅದಕ್ಕೆ ಕಟ್ಟುನಿಟ್ಟು. ಮನೆಯ ಮೀನಿನಲ್ಲಿ ಡಾಲರು ಹೋಗುತ್ತದೆ. ಅಲ್ಲಿ ಮಾತ್ರ ದೇವರೇ ಗತಿ.

ಮೀನು ಅಂಗಡಿಯಲ್ಲಿ ಲವಲವಿಕೆಯಿಂದ ಇತ್ತು, ಕೈಯಿಂದಲೇ ತಿಂತು ಎನ್ನುವವರಿದ್ದಾರೆ. ಪರೋಪಜೀವಿಗಳು ಕಿವಿರಿನೊಳಗಿದ್ದರೆ ಹೊರಗೆ ಒಂದು ಚುಕ್ಕೆಯೂ ಕಾಣದು. ಕೆಲವು ಅಂಗಡಿಗಳ ನೀರಿನಲ್ಲಿ ಮದ್ದೆಂದು ಹಾಕಿರುವ ಒಂದಿಷ್ಟು ತಾಮ್ರ ರೋಗವನ್ನು ಕೊಲ್ಲದೆ ಮಾರಾಟವಾಗುವ ತನಕ ಅಡಗಿಸಿಯೂ ಇಡುತ್ತದೆ. ಬೆಳ್ಳುಳ್ಳಿ ರಸ ಹಾಕಿದರಾಯಿತು ಎನ್ನುವವರೂ ಇದ್ದಾರೆ. ಬೆಳ್ಳುಳ್ಳಿಯ ಮಹಿಮೆ ಚಟ್ನಿಪುಡಿಯ ಮಟ್ಟಿಗೆ ಪ್ರಶ್ನಾತೀತ.

ನಿಜವಾಗಿ ತೂಕವಿರುವ ಆಕ್ಷೇಪ ಒಂದೇ: ಬಳಲಿ ಬಂದ ಮೀನನ್ನು ಬೋಳು ಪೆಟ್ಟಿಗೆಗೆ ಹಾಕಿದರೆ ರೋಗಕ್ಕಿಂತ ಮೊದಲು ಕ್ವಾರಂಟೈನೇ ಅದನ್ನು ಕೊಲ್ಲುವುದಿಲ್ಲವೇ? ಕೊಲ್ಲುತ್ತದೆ, ಸಿದ್ಧತೆ ಇಲ್ಲದಿದ್ದರೆ. ಮೀನು ಬಿಟ್ಟ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಸ್ಪಂಜಿನಲ್ಲಿ ಇರುವುದಿಲ್ಲ. ನಲವತ್ತು ಲೀಟರು ನೀರು ಕೆಡಲು ಎರಡು ದಿನ ಸಾಕು. ಅದಕ್ಕೇ ಈ ಟ್ಯಾಂಕು ಮೊದಲು ಬರಬೇಕೆಂದದ್ದು. ಮೀನು ಬರುವ ಸುಮಾರು ಒಂದು ತಿಂಗಳು ಮುಂಚೆ ಉಪ್ಪುನೀರು ತುಂಬಿ, ಪಂಪು ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿರಬೇಕು. ಅದು ಕೊಳೆತು ಅಮೋನಿಯಾ ಆಗಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಮನೆಮಾಡಿ, ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗೆ ಬರುವ ತನಕ. ಮೀನೇ ಇಲ್ಲದ ಟ್ಯಾಂಕಿಗೆ ತಿಂಗಳಿಡೀ ಊಟ ಹಾಕುವವನನ್ನು ಮನೆಯವರು ಹೇಗೆ ನೋಡುತ್ತಾರೆಂಬುದು ಬೇರೆ ಮಾತು. ಅಡಗಲು ಪೈಪು ಸಾಕು. ರಾತ್ರಿ ಮರಳಿನಲ್ಲಿ ಹೂತು ಮಲಗುವ ರಾಸ್ ಜಾತಿಯ ಕೆಲವು ಮೀನುಗಳಿಗೆ ಒಂದು ಬಟ್ಟಲು ಮರಳು ಇಟ್ಟರೆ, ದೀಪ ಆರುತ್ತಲೇ ಮೂತಿ ಮುಂದೆ ಮಾಡಿ ನುಗ್ಗಿ, ಬಾಲವನ್ನೂ ಒಳಗೆ ಎಳೆದುಕೊಂಡು ಮಾಯವಾಗುತ್ತವೆ. ಆದರೆ ಆ ಮರಳು ಸಿಲಿಕಾದ್ದಾಗಿರಬೇಕು, ಹವಳದ ಪುಡಿಯಲ್ಲ. ಕಾರಣ ತಾಮ್ರ. ಬಿಳಿ ಚುಕ್ಕೆಗೂ ವೆಲ್ವೆಟ್ಟಿಗೂ ನಂಬಬಹುದಾದ ಮದ್ದು ತಾಮ್ರವೇ, ಸಾದಾ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಸುಣ್ಣದ ಕಲ್ಲು ಸಿಕ್ಕರೆ ಅದು ತಾಮ್ರವನ್ನು ಹೀರಿ ಲೆಕ್ಕ ತಪ್ಪಿಸುತ್ತದೆ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಬೆಳೆಗೆ ಹೊಡೆಯುವವರಿಗೆ ಈ ಎರಡರ ನಂಟು ಹೇಳಿಕೊಡಬೇಕಾಗಿಲ್ಲ. ಅವರಿಗೆ ಹೇಳಬೇಕಾದ್ದು ಅಳತೆ: ನಲವತ್ತು ಲೀಟರಿಗೆ ಒಟ್ಟು ಹೆಚ್ಚೆಂದರೆ 8 ಮಿಲಿಗ್ರಾಂ ತಾಮ್ರ. ಗೊಬ್ಬರದಂಗಡಿಯ ಚಿಟಿಕೆಯ ಲೆಕ್ಕ ಇಲ್ಲಿ ನಡೆಯದು.

ಬಿಸಿಲಿನ ಮಾತನ್ನಾಡದೆ ಬಳ್ಳಾರಿ ಸೀಮೆಯ ಯಾವ ವಾದವೂ ಮುಗಿಯುವುದಿಲ್ಲ. ಮೀನಿಗೆ ಬೇಕಾದ್ದು 25, 26 ಡಿಗ್ರಿ. ಏಪ್ರಿಲ್‌ನಲ್ಲಿ ಊರು ಕೊಡುವುದು 40. ನೀರು ಬಿಸಿಯಾದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿದು ಗಾಢವಾಗುತ್ತದೆ. ಆದ್ದರಿಂದ ದಿನಾ ಸಿಹಿನೀರು ತುಂಬಬೇಕು. ಚಿಕ್ಕ ಟ್ಯಾಂಕಿನಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ ಹತ್ತಿರವೇ ಇದೆಯೆಂಬ ಧೈರ್ಯದಲ್ಲಿ ಇರಬಾರದು, ಏರ್ ಪಂಪು ಬ್ಯಾಟರಿಯದೂ ಒಂದಿರಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಮೀನು ತರಿಸಲು ದೀಪಾವಳಿಯ ನಂತರದ ತಿಂಗಳುಗಳೇ ಸರಿ. ಬಿಸಿಲು ಏರುವ ಮುನ್ನ, ಊರ ದೊಡ್ಡಬಸವೇಶ್ವರನ ತೇರು ಎಳೆಯುವಷ್ಟರಲ್ಲಿ ಕ್ವಾರಂಟೈನ್ ಮುಗಿದಿರಬೇಕು.

ಉಳಿದದ್ದು ಖರ್ಚು. ಒಂದು ಒಳ್ಳೆಯ ಸರ್ಜನ್ ಮೀನಿನ ಬೆಲೆಯ ಮುಂದೆ ಈ ಗಾಜು, ಸ್ಪಂಜು, ಪೈಪು ಏನೇನೂ ಅಲ್ಲ ಎಂದು ಹೇಳಿ ಮುಗಿಸಬಹುದು. ಅದಕ್ಕಿಂತ ಗಟ್ಟಿ ಉತ್ತರ ಇದೆ: ಈ ಖರ್ಚು ತಪ್ಪುವುದೇ ಇಲ್ಲ. ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕರೆ ಅಲ್ಲಿ ತಾಮ್ರ ಹಾಕುವಂತಿಲ್ಲ, ಹವಳ, ಬಸವನಹುಳ, ಸೀಗಡಿ ಎಲ್ಲ ಸಾಯುತ್ತವೆ. ಇದ್ದ ಮೀನನ್ನೆಲ್ಲ ಹಿಡಿದು ಬೇರೆ ಟ್ಯಾಂಕಿಗೆ ಹಾಕಿ, ದೊಡ್ಡದನ್ನು ಮೀನಿಲ್ಲದೆ ಬೀಳು ಬಿಡಬೇಕು. ಕವಚದೊಳಗಿನ ರೋಗಾಣು 72 ದಿನ ಬಾಳಿದ ದಾಖಲೆ ಇರುವುದರಿಂದ ಎಚ್ಚರಿಕೆಯವರು 76 ದಿನ ಕಾಯುತ್ತಾರೆ. ಅಷ್ಟು ದಿನ ಆ ಮೀನುಗಳು ಇರುವುದು ಬೇಡವೆಂದ ಅದೇ ಎರಡನೆಯ ಟ್ಯಾಂಕಿನಲ್ಲಿ, ಅದೂ ರಾತ್ರೋರಾತ್ರಿ ತಂದದ್ದರಲ್ಲಿ. ಈ ತರ್ಕಕ್ಕೆ ಒಂದು ಬಾಲವಿದೆ ಎಂಬುದನ್ನೂ ಮುಚ್ಚಿಡಬಾರದು. ಹವಳದ ತುಂಡಿನ ಬುಡಕ್ಕೋ ಬಸವನಹುಳದ ಚಿಪ್ಪಿಗೋ ಅಂಟಿ ಅದೇ ಕವಚ ಬರಬಹುದು; ಅವುಗಳಿಗೆ ತಾಮ್ರ ವಿಷವಾದ್ದರಿಂದ ಅವು ಕಾಯಬೇಕಾದ್ದು ಮೀನೂ ಇಲ್ಲದ, ತಾಮ್ರವೂ ಇಲ್ಲದ ಇನ್ನೊಂದು ಟ್ಯಾಂಕಿನಲ್ಲಿ. ಅಂದರೆ ಲೆಕ್ಕದ ಪ್ರಕಾರ ಟ್ಯಾಂಕು ಮೂರು. ಈ ಮೂರನೆಯದರ ಪ್ರಸ್ತಾಪವನ್ನು ಎರಡನೆಯದರ ರಸೀದಿ ಮನೆಯವರ ಕಣ್ಣಿಗೆ ಬೀಳುವ ಮುನ್ನ ಎತ್ತಬೇಕೋ, ಬಿದ್ದ ಮೇಲೆಯೋ ಎಂಬ ಬಗ್ಗೆ ಮಾತ್ರ ಯಾವ ಮತ್ಸ್ಯ ವಿಜ್ಞಾನಿಯೂ ಇನ್ನೂ ಬಾಯಿಬಿಟ್ಟಿಲ್ಲ.