‘ಮತ್ತೊಮ್ಮೆ ಪರಿಶೀಲಿಸಿ’ ಎಂದ ಮಹಾಶಯರಿಗೆ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್ಟಿನೊಳಗೆ ನಾಲ್ಕು ಮಡಿಕೆಯಾಗಿ ಕೂತಿದ್ದ ಸೂಚನಾ ಚೀಟಿ ಬರೆದವರು ನೀವು ಎಂಬುದಷ್ಟೇ ಗೊತ್ತು. ಅದರ ಮೊದಲ ಸಾಲು: ‘ಯಾರು ಬೇಕಾದರೂ ಎರಡು ಗಂಟೆಯಲ್ಲಿ ಜೋಡಿಸಬಹುದು.’ ಕೊನೆಯ ಸಾಲು: ‘ಕೆಲಸ ಮಾಡದಿದ್ದರೆ ಎಲ್ಲ ಜೋಡಣೆಗಳನ್ನು ಮತ್ತೊಮ್ಮೆ ಪರಿಶೀಲಿಸಿ.’ ಈ ಎರಡು ಸಾಲುಗಳ ನಡುವೆ ನನ್ನ ಮೂರು ಭಾನುವಾರಗಳು ಕಾಣೆಯಾಗಿವೆ. ಅವುಗಳ ಲೆಕ್ಕ ಒಪ್ಪಿಸಲು ಈ ಪತ್ರ.

ಕಿಟ್ಟು ಒಳ್ಳೆಯ ಮನೆತನದ್ದೇ. ಚು ಮೋಯ್ ಎಂಬವರು ರೂಪಿಸಿದ, ಹವ್ಯಾಸಿಗಳು ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರಿಸಿ ಮೆರೆದ ‘ಸಿಮೋಯ್’ ವಂಶ. ಒಂದು 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಒಂದು ಐಸಿ, ಒಂದು ಹಿಡಿ ರೆಸಿಸ್ಟರು, ಕೆಪಾಸಿಟರು. ಇಷ್ಟು ಸಾಮಾನಿನಲ್ಲಿ ಯಾರಾದರೂ ಎಷ್ಟು ತಪ್ಪು ಮಾಡಿಯಾರು ಎಂದು ನೀವು ಅಂದುಕೊಂಡಿರಬೇಕು. ನನ್ನನ್ನು ನೀವು ನೋಡಿಲ್ಲ.

ಮೊದಲ ಭಾನುವಾರ. ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇತ್ತು. ಅಲಂಕಾರವಿರಬೇಕು ಅಂದುಕೊಂಡು ತಿರುಗಿಸಿ ಕೂರಿಸಿದೆ. 8ನೇ ಕಾಲಿಗೆ ಹೋಗಬೇಕಾದ ಪ್ಲಸ್ 4ನೇ ಕಾಲಿಗೆ, 4ರ ಮೈನಸ್ 8ಕ್ಕೆ. ಸಂಗೀತ ಬರಲಿಲ್ಲ, ವಾಸನೆ ಬಂತು. ನಿಮ್ಮ ಆಜ್ಞೆಯಂತೆ ಪರಿಶೀಲಿಸಲು ಐಸಿಯ ಮೇಲೆ ಬೆರಳಿಟ್ಟೆ. ಬೊಬ್ಬೆ ಎದ್ದಿತು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಾತ ಸತ್ತ ಐಸಿಯನ್ನೂ ನನ್ನ ಬೆರಳನ್ನೂ ನೋಡಿ, “ಉಲ್ಟಾ ಹಾಕಿದ್ರಾ ಸಾರ್?” ಅಂದ. ನಿಮ್ಮ ಇಡೀ ಚೀಟಿಯಲ್ಲಿ ಇಲ್ಲದ ವಿದ್ಯೆ ಆ ಮೂರು ಪದದಲ್ಲಿತ್ತು.

ಎರಡನೇ ಭಾನುವಾರ ಸದ್ದು ಬಂತು. ಬಲಗಿವಿಯಲ್ಲಿ ಡೊಳ್ಳು, ಎಡಗಿವಿಯಲ್ಲಿ ಗೋಡೆಯಾಚೆಯ ಪಿಸುಮಾತು. ನನ್ನ ಕಿವಿಯೇ ಕೈಕೊಟ್ಟಿತೇನೋ ಎಂದು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ. ಪಿಸುಮಾತು ಬಲಕ್ಕೆ ಬಂತು, ಕಿವಿಯ ಮಾನ ಉಳಿಯಿತು. ನಿಮ್ಮ ಕಿಟ್ಟಿನಲ್ಲಿ 1 ಕಿಲೋ ಓಮಿನ ರೆಸಿಸ್ಟರಿಗೆ ಕಂದು-ಕಪ್ಪು-ಕೆಂಪು ಪಟ್ಟೆ, 10 ಕಿಲೋ ಓಮಿನದಕ್ಕೆ ಕಂದು-ಕಪ್ಪು-ಕಿತ್ತಳೆ. ರಾತ್ರಿ ಹನ್ನೊಂದರ ಬಲ್ಬಿನ ಬೆಳಕಿನಲ್ಲಿ ಕೆಂಪೂ ಕಿತ್ತಳೆಯೂ ಅವಳಿ ಜವಳಿ. ಎಡಭಾಗದಲ್ಲಿ ಅವೆರಡೂ ಜಾಗ ಅದಲುಬದಲಾಗಿ, 11 ಪಟ್ಟು ಹಿಗ್ಗಬೇಕಾದ ಸದ್ದು 1.1 ಪಟ್ಟಿಗೆ ನಿಂತಿತ್ತು. ಒಂದು ಚುಕ್ಕಿಗೆ ಒಂದು ಭಾನುವಾರ.

ಮೂರನೆಯದು ಗುಂಯ್‌ಕಾರದ ಭಾನುವಾರ. ವಾಲ್ಯೂಮ್ ತಿರುಗಿಸಲು ಕೈಯಿಟ್ಟರೆ ಸಾಕು, ಹೆಜ್ಜೇನು ಎದ್ದಂತೆ. “ಅಂಗಡೀಲಿ ಸಿಗೋದಿಲ್ವೇನೋ ಇದು?” ಎಂದು ಅಮ್ಮ ಕೇಳಿದಳು. ಉತ್ತರ ಕೊಡದೆ ಅವಳ ಪೊರಕೆಯಿಂದ ಒಂದು ಒಣಕಡ್ಡಿ ಕಿತ್ತು, ಬೆಸುಗೆಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತುತ್ತ ಹೋದೆ. ವಾಲ್ಯೂಮಿನ ಲೋಹದ ಮೈಯಿಂದ ಗ್ರೌಂಡಿಗೆ ಬಂದ ತಂತಿಯ ಬುಡ ಒತ್ತಿದಾಗ ಗುಂಯ್ ನಿಂತಿತು, ಬಿಟ್ಟರೆ ಮತ್ತೆ ಶುರು. ಅಕ್ಕಪಕ್ಕದ ಬೆಸುಗೆಗಳು ಮಿರಮಿರ ಹೊಳೆಯುತ್ತಿದ್ದರೆ ಅದೊಂದು ಮಾತ್ರ ಬೂದಿ ಬಣ್ಣದ ಉಂಡೆ. ತಂತಿಯನ್ನೂ ತಾಮ್ರವನ್ನೂ ಕಾಯಿಸದೆ ಸೀಸ ಮಾತ್ರ ಕರಗಿಸಿ ತೊಟ್ಟಿಕ್ಕಿಸಿದ್ದೆ, ಕಾವಲಿ ಕಾಯುವ ಮುಂಚೆ ದೋಸೆಹಿಟ್ಟು ಹುಯ್ದ ಹಾಗೆ. ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ.

ಮೂರೂ ತಪ್ಪು ನನ್ನವೇ, ಒಪ್ಪಿದೆ. ನೀವು ಹೇಳಿದಂತೆ ಹತ್ತಾರು ಸಲ ಪರಿಶೀಲಿಸಿದ್ದೂ ನಿಜ. ಆದರೆ ಕಿತ್ತಳೆಯನ್ನು ಕೆಂಪೆಂದು ನಂಬಿದ ಕಣ್ಣು ಎರಡನೇ ಸಲವೂ ಕೆಂಪೆಂದೇ ಓದುತ್ತದೆ. ಆ ಕಣ್ಣಿಗೇ ತನಿಖೆ ಒಪ್ಪಿಸುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ಮಲ್ಟಿಮೀಟರಿಗೆ ಅಂಥ ಸ್ವಾಭಿಮಾನವಿಲ್ಲ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ‘ಪರಿಶೀಲಿಸಿ’ ಎಂಬುದನ್ನು ಅಳಿಸಿ, ಇಷ್ಟನ್ನು ಹಾಕಿ: ಐಸಿಯ ಕಚ್ಚು ಬೋರ್ಡಿನ ಚಿತ್ರದ ಕಚ್ಚಿನ ಕಡೆಗೇ ಇರಲಿ. ರೆಸಿಸ್ಟರನ್ನು ಬೆಸೆಯುವ ಮುಂಚೆ ಮೀಟರಿನಲ್ಲಿ ಅಳೆಯಿರಿ. ನಡುವಿನ ಗ್ರೌಂಡಿನಿಂದ ಒಂದು ಕಡೆ ಸುಮಾರು ಪ್ಲಸ್ 4.5, ಇನ್ನೊಂದು ಕಡೆ ಮೈನಸ್ 4.5 ವೋಲ್ಟ್ ತೋರಿಸಬೇಕು. ಔಟ್‌ಪುಟ್ಟಿನಲ್ಲಿ ಡಿಸಿ 20 ಮಿಲಿವೋಲ್ಟ್ ದಾಟಿದರೆ ಹೆಡ್‌ಫೋನ್ ಚುಚ್ಚಬೇಡಿ. ದಾಟದಿದ್ದರೂ ಮೊದಲು ಅಗ್ಗದ್ದನ್ನೇ ಚುಚ್ಚಿ.

ಜಾಗವಿಲ್ಲ ಅನ್ನಬೇಡಿ. ನಿಮ್ಮ ಚೀಟಿಯ ಹಿಂಬದಿ ಪೂರ್ತಿ ಖಾಲಿ ಇದೆ.

ಇಂತಿ,
ಬೊಬ್ಬೆ ಬೆರಳಿನ ಗ್ರಾಹಕ